ತಮ್ಮನ ಸೊಂಟದಿಂದ ಕಿತ್ತುಕೊಂಡ ಡಬ್ಬ

ನನ್ನ ತಮ್ಮನ ಕುತ್ತಿಗೆಗೆ ನಾನು ಕೈ ಹಾಕಿದ್ದು ಒಂದು ಭಾನುವಾರ, ಹಾಡಹಗಲು, ಹತ್ತು ಹನ್ನೆರಡು ಜನರ ಎದುರು. ಒಬ್ಬರೂ ತಡೆಯಲಿಲ್ಲ. ಅಣ್ಣ ತಮ್ಮನಿಗೆ ಹೊಡೆದರೆ ನಮ್ಮ ಕಡೆ ಯಾರೂ ನಡುವೆ ಬರುವುದಿಲ್ಲ.

ನಾನು ಓದಿದ್ದು ಆರನೇ ಕ್ಲಾಸು. ಅಪ್ಪನ ಕೈಯಲ್ಲಿ ಸದಾ ಏನಾದರೊಂದು ಇರುತ್ತಿತ್ತು. ಕೊಡಲಿ ಕಾವು, ಬಾರುಕೋಲು, ಏನೂ ಸಿಗದಿದ್ದರೆ ಕಾಫಿ ಗಿಡದ ಕಡ್ಡಿ. ಒಂದು ಸಲ ಕೆನ್ನೆಗೆ ಬಿದ್ದ ಏಟು ಕಿವಿಗೂ ತಗುಲಿ, ಅವತ್ತಿನಿಂದ ನನ್ನ ಎಡಗಿವಿ ಮಂದ. ಅಪ್ಪ ಸತ್ತ ಮೇಲೆ ಮನೆಯಲ್ಲಿ ಹೊಡೆಯುವವರು ಇರಲಿಲ್ಲ. ಆ ಜಾಗವನ್ನು ನಾನು ಯಾವಾಗ ತುಂಬಿದೆ ಎಂದು ನನಗೇ ತಿಳಿಯಲಿಲ್ಲ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನಿಗೆ ಮೇಷ್ಟ್ರ ಟ್ರೈನಿಂಗಿಗೆ, ಟಿ.ಸಿ.ಎಚ್.ಗೆ, ಸೀಟು ಸಿಕ್ಕಾಗ ಹೆತ್ತೂರಿನ ನಮ್ಮ ಕಡೆಯ ಅಷ್ಟೂ ಮನೆಗಳಿಗೆ ನಾನೇ ಜೀಪಿನಲ್ಲಿ ಹೋಗಿ ಹೇಳಿ ಬಂದೆ. ಅವನ ದನಿ ಊರಿಗೇ ಗೊತ್ತಿತ್ತು. ನಮ್ಮ ಮನೆಯ ಅಂಗಳದಲ್ಲಿ ನಿಂತು ಒಂದು ಕೂಗು ಹಾಕಿದರೆ ಎದುರು ಗುಡ್ಡದಲ್ಲಿ ಕಾಫಿ ಕುಯ್ಯುತ್ತಿದ್ದವರು ತಲೆ ಎತ್ತುತ್ತಿದ್ದರು. ಮೇಷ್ಟ್ರಾಗಲು ಇನ್ನೇನು ಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಎರಡನೇ ವರ್ಷ ಅವರನ್ನು ಶಾಲೆಗಳಿಗೆ ಪಾಠ ಮಾಡಲು ಕಳಿಸಿದರು. ಅವನಿಗೆ ಸಿಕ್ಕ ಕೋಣೆಯಲ್ಲಿ ಎರಡು ಕ್ಲಾಸಿನ ಮಕ್ಕಳು ಒಟ್ಟಿಗೆ ಇದ್ದವು. ನಡುವೆ ಗೋಡೆಯಿಲ್ಲ, ಆ ಕಡೆ ಇನ್ನೊಬ್ಬ ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದರು. ಬೆಳಗ್ಗೆಯಿಂದ ಸಂಜೆಯವರೆಗೆ ಇವನು ಆ ಸದ್ದನ್ನು ಮೀರಿ ಕಿರುಚಿ ಪಾಠ ಮಾಡಿದ. ತಿಂಗಳಾಗುವಷ್ಟರಲ್ಲಿ ಅವನ ಜೊತೆಯವರಲ್ಲಿ ಅರ್ಧ ಜನರ ಗಂಟಲು ಕಟ್ಟಿತ್ತು. ಕೆಲವರು ಮೆಣಸು ಅಗಿದರು, ಕೆಲವರು ಅತಿಮಧುರ ಚೀಪಿದರು. ಅವರದ್ದೆಲ್ಲ ಬಿಟ್ಟಿತು, ಇವನದ್ದು ಬಿಡಲಿಲ್ಲ.

ಅವನ ಟ್ರೈನಿಂಗ್ ಕಾಲೇಜಿನ ಮೇಡಂ ಒಬ್ಬರು ಹಾಸನದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಕರೆದುಕೊಂಡು ಹೋದದ್ದು ನಾನೇ. ಡಾಕ್ಟರು ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ದೀಪಕ್ಕೆ ಬಿಸಿ ಮಾಡಿ ಅವನ ಬಾಯೊಳಗೆ ಇಟ್ಟು ನೋಡಿದರು. ದನಿ ಹುಟ್ಟುವ ಜಾಗದಲ್ಲಿ ಎರಡು ಸಣ್ಣ ಗಂಟು ಎದ್ದಿವೆ, ಗೇದು ಗೇದು ಕೈ ಜಡ್ಡುಗಟ್ಟುವ ಹಾಗೆ ಕೂಗಿ ಕೂಗಿ ಅಲ್ಲಿಯೂ ಜಡ್ಡುಗಟ್ಟಿದೆ ಎಂದರು. ಒಂದು ತಿಂಗಳು ಮಾತು ಬೇಡ. ಪಿಸುಮಾತೂ ಬೇಡ. ಬಿಸಿನೀರಿನ ಹಬೆ ತಗೊ, ನೀರು ಕುಡಿ, ಏನು ಹೇಳಬೇಕಾದರೂ ಬರೆದು ಹೇಳು.

ಪರೀಕ್ಷೆಯ ಪಾಠಕ್ಕೆ ಆಗ ಏಳು ವಾರವಿತ್ತು. ಹೊರಗಿನಿಂದ ಬಂದವರು ಹಿಂದೆ ಕೂತು ನೋಡುವ ಆ ಪಾಠದಲ್ಲಿ ಪಾಸಾಗದಿದ್ದರೆ ಎರಡು ವರ್ಷದ ಓದು ನೀರಿಗೆ ಹಾಕಿದಂತೆ. ಮೇಡಂ ಅವನನ್ನು ಮನೆಗೆ ಕಳಿಸುವಾಗ, ಕ್ಲಾಸು ಗಲಾಟೆ ಮಾಡಿದರೆ ಕಿರುಚುವ ಬದಲು ಎರಡು ಸಲ ಚಪ್ಪಾಳೆ ತಟ್ಟುವುದನ್ನೂ ಅಭ್ಯಾಸ ಮಾಡಿಸಿ ಕಳಿಸಿದರು.

ಅವನು ಸ್ಲೇಟು ಹಿಡಿದು ಮನೆಯಲ್ಲಿ ಕೂತ. ಮೊದಲ ಎರಡು ದಿನ ನನಗೆ ಅಯ್ಯೋ ಎನ್ನಿಸಿತು. ಮೂರನೆಯ ದಿನದಿಂದ ಸಿಟ್ಟು ಬರತೊಡಗಿತು. ನಾನು ಏನಾದರೂ ಕೇಳಿದರೆ ಅವನು ಬಳಪ ತೆಗೆದು, ಬರೆದು, ತಿರುಗಿಸಿ ತೋರಿಸುವವರೆಗೆ ನಾನು ಕೂಲಿಯವನಂತೆ ನಿಂತಿರಬೇಕಿತ್ತು. ಬರೆದದ್ದನ್ನು ಓದಲು ನನಗೆ ಹೊತ್ತು ಹಿಡಿಯುತ್ತಿತ್ತು. ಅವನು ಅದನ್ನು ಗಮನಿಸುತ್ತಿದ್ದಾನೆ ಎಂದು ನನಗೆ ಅನುಮಾನ. ಒಂದು ದಿನ ಸ್ಲೇಟನ್ನು ಕಿತ್ತು ಅವನ ತಲೆಗೇ ಹೊಡೆದೆ. ಚೌಕಟ್ಟು ಬಿಟ್ಟುಕೊಂಡಿತು. ಅವನು ದನಿಯೆತ್ತದೆ ತಲೆ ಉಜ್ಜಿಕೊಂಡು ಅದಕ್ಕೆ ಮೊಳೆ ಹೊಡೆದುಕೊಂಡ.

ಮೂರನೇ ವಾರದ ಭಾನುವಾರ ಹಂದಿ ಸೋವು, ಊರವರೆಲ್ಲ ಸೇರಿ ಹಂದಿ ಎಬ್ಬಿಸಿ ಹೊಡೆಯುವ ಬೇಟೆ. ಹಂದಿಗಳು ಆ ವರ್ಷ ಗೆಣಸಿನ ಪಟ್ಟೆಗಳನ್ನೆಲ್ಲ ಉತ್ತು ಹಾಕಿದ್ದವು. ಮನೆಗೆ ಇಬ್ಬರಂತೆ ಬರಬೇಕು, ಒಬ್ಬ ಕೋವಿಗೆ, ಒಬ್ಬ ಪೊದೆ ಹಳು ನುಗ್ಗಿ ಕೂಗುವುದಕ್ಕೆ. ಕೂಗುವವನು ನಿಲ್ಲಿಸದೆ ಕೂಗುತ್ತಲೇ ಬರಬೇಕು. ಅದು ಹಂದಿ ಎಬ್ಬಿಸುವುದಕ್ಕಷ್ಟೇ ಅಲ್ಲ. ಲಂಟಾನದ ಪೊದೆಯೊಳಗೆ ಮನುಷ್ಯ ಕಾಣುವುದಿಲ್ಲ, ಅಲುಗುವ ಎಲೆ ಮಾತ್ರ ಕಾಣುತ್ತದೆ. ದನಿಯಿದ್ದರೆ ಮನುಷ್ಯ, ದನಿಯಿಲ್ಲದಿದ್ದರೆ ಹಂದಿ. ಕೋವಿ ಹಿಡಿದವನಿಗೆ ಇರುವ ಗುರುತು ಅದೊಂದೇ.

ಅವ್ವನಿಗೂ ಅದು ಗೊತ್ತಿತ್ತು. ಅದಕ್ಕೇ ಅವಳು ಖಾಲಿ ಎಣ್ಣೆ ಡಬ್ಬವೊಂದಕ್ಕೆ ತೂತು ಕೊರೆದು, ದಾರ ಪೋಣಿಸಿ, ತಮ್ಮನ ಸೊಂಟಕ್ಕೆ ಕಟ್ಟಿ, ಬಡಿಯಲು ಒಂದು ಕೋಲು ಕೊಟ್ಟಿದ್ದಳು.

ಗುಡ್ಡದ ಬುಡದಲ್ಲಿ ಎಲ್ಲ ಸೇರಿದಾಗ ದೊಡ್ಡಪ್ಪ ಅವನನ್ನು ನೋಡಿ ನಕ್ಕರು. ಸೋವು ನಡೆಸುವವರು ಅವರೇ.

"ಏನ್ಲಾ ಮೇಷ್ಟ್ರೇ, ಬಾಯಿಗೆ ಬೀಗ ಜಡ್ಕಂಡಿದ್ದೀಯಂತೆ? ಬೀಗದ ಕೈ ಯಾವ್ ಹುಡ್ಗಿ ತಾವ ಐತೆ?"

"ಮಾತಾಡ್ದಿರೋ ಮೇಷ್ಟ್ರು, ನೊಗಕ್ಕೆ ಹೆಗಲು ಕೊಡ್ದಿರೋ ಎತ್ತು, ಎರಡೂ ಒಂದೇ ಕಣ್ರೀ," ಎಂದ ಇನ್ನೊಬ್ಬ.

"ಡಬ್ಬ ಬೇರೆ ಕಟ್ಕಂಡವ್ನೆ. ಮಂಗ ಓಡ್ಸೋಕೆ ಬಂದವ್ನಾ, ಮಾರಾಯ?"

ಎಲ್ಲರೂ ನಕ್ಕರು. ನನ್ನ ಮುಖ ಉರಿಯಿತು. ಜೀಪಿನಿಂದ ಚೂರಿ ತಂದು, ಅವನ ಸೊಂಟದ ದಾರ ಕುಯ್ದು, ಡಬ್ಬವನ್ನು ಜೀಪಿನೊಳಗೆ ಹಿಂದಕ್ಕೆ ಎಸೆದೆ.

"ಕೂಗು," ಎಂದೆ. "ಗಂಡಸಿನ ಥರ ಕೂಗು. ಗಂಟ್ಲು ತಾನೇ ಬಿಟ್ಕತದೆ."

ಅವನು ಗಂಟಲಿನ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ಕೈ ಮುಗಿದ. ನಾನು ಬೆನ್ನು ತಿರುಗಿಸಿ ಕೋವಿ ತೆಗೆದುಕೊಂಡು ಗುಡ್ಡ ಹತ್ತಿದೆ.

ಹನ್ನೊಂದು ಗಂಟೆಯ ಬಿಸಿಲು. ನಾನು ಹಲಸಿನ ಮರಕ್ಕೆ ಒರಗಿ ನಿಂತಿದ್ದೆ. ಬಲಗಡೆಯಿಂದ ಕೂಗು ಬರುತ್ತಿತ್ತು, ನಡುವಿನಿಂದ ಬರುತ್ತಿತ್ತು. ಎಡಗಡೆ ಏನೂ ಇರಲಿಲ್ಲ. ಅಷ್ಟರಲ್ಲಿ ಎಡಗಡೆಯ ಲಂಟಾನ ಅಲುಗಿತು. ಒಂದು ಸಲ ನಿಂತು ಮತ್ತೆ ಅಲುಗಿತು, ಹಂದಿ ನಿಂತು ಮೂಸಿ ಮುಂದೆ ಬರುವ ಹಾಗೆಯೇ. ದನಿಯಿಲ್ಲ. ನಾನು ಕೋವಿಯ ಕುದುರೆ ಎಳೆದು ಗುಂಡು ಹಾರಿಸಿದೆ.

ಹೊಗೆಯ ಆಚೆ ತಮ್ಮ ಎದ್ದು ನಿಂತಿದ್ದ. ಹೆಗಲ ಮೇಲಿನ ಟವೆಲಿನಲ್ಲಿ ಎರಡು ತೂತು. ಎರಡೂ ಕೈ ಎದೆಯ ಮುಂದೆ, ಒಂದರ ಮೇಲೊಂದು. ಅವನು ಚಪ್ಪಾಳೆ ತಟ್ಟುತ್ತಾ ಬಂದಿದ್ದನಂತೆ. ನನ್ನ ಮಂದ ಎಡಗಿವಿಗೆ ಅದು ಬಿದ್ದಿರಲಿಲ್ಲ.

ಅದೇ ಹೊತ್ತಿಗೆ ನಿಜವಾದ ಹಂದಿ ಅವನ ಪಕ್ಕದ ಸಂದಿಯಿಂದ ನುಗ್ಗಿ, ಅಡ್ಡ ಬಂದ ದೊಡ್ಡಪ್ಪನ ನಾಯಿಯ ಹೊಟ್ಟೆ ಸೀಳಿ, ಇಳಿಜಾರಿಗೆ ಹೋಯಿತು. ನಾಯಿ ಕರುಳು ಎಳೆದುಕೊಂಡು ಸುತ್ತುತ್ತಿತ್ತು. ದೊಡ್ಡಪ್ಪ ಒಂದು ಕಲ್ಲು ಎತ್ತಿ ಅದರ ತಲೆಯ ಮೇಲೆ ಹಾಕಿದರು. ಕಲ್ಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು.

"ನಿನ್ ತಮ್ಮ ಬಾಯಿ ಬಿಟ್ಟಿದ್ರೆ ನನ್ ನಾಯಿ ಉಳೀತಿತ್ತು ಕಣ್ಲಾ."

ಒಂದು ಗೇಣು ಆಚೆಗೆ ಗುರಿಯಿಟ್ಟಿದ್ದರೆ ಅವನ ಹೆಣವನ್ನು ಅವ್ವನ ಮುಂದೆ ಇಳಿಸಬೇಕಿತ್ತು. ಆಗ ನಾನು ಅವನನ್ನು ಅಪ್ಪಿಕೊಳ್ಳಬೇಕಿತ್ತು. ನಮ್ಮ ಮನೆಯಲ್ಲಿ ಅಂಥದ್ದನ್ನು ಯಾರೂ ಕಲಿಸಿರಲಿಲ್ಲ. ಕೋವಿಯ ಹಿಂಬದಿಯಿಂದ ಅವನ ಹೊಟ್ಟೆಗೆ ತಿವಿದೆ. ಬಿದ್ದವನ ಎದೆಯ ಮೇಲೆ ಮಂಡಿಯೂರಿ, ಎರಡು ಕೈಯಲ್ಲೂ ಕುತ್ತಿಗೆ ಹಿಡಿದೆ.

"ಕೂಗ್ಲಾ! ಈಗ ಕೂಗು!"

ಅವನು ತುಟಿ ಕಚ್ಚಿಕೊಂಡ. ಕೆನ್ನೆಗೆ ಹೊಡೆದೆ. ತುಟಿ ಒಡೆಯಿತು, ಆದರೂ ಕೂಗಲಿಲ್ಲ. ಮೂರು ವಾರ ಜೋಪಾನ ಮಾಡಿದ್ದನ್ನು ಅವನು ಹಲ್ಲಿನ ಹಿಂದೆ ಹಿಡಿದುಕೊಂಡಿದ್ದ. ಅದು ನನಗೆ ಹಟದಂತೆ ಕಂಡಿತು. ಅಪ್ಪ ನನಗೆ ಹೊಡೆದ ಜಾಗಕ್ಕೇ, ಕಿವಿಯ ಮೇಲೆ, ಹೊಡೆದೆ.

ಆಗ ಕೂಗಿದ. ಮೊದಲನೆಯದು ಎದುರು ಗುಡ್ಡಕ್ಕೆ ಬಡಿದು ವಾಪಸು ಬಂತು, ಅವನ ಹಳೆಯ ದನಿಯೇ. "ಇನ್ನೊಂದ್ಸಲ," ಎಂದೆ. ಎರಡನೆಯದು ನಡುವಿನಲ್ಲಿ ಒಡೆಯಿತು. "ಇನ್ನೊಂದ್ಸಲ." ಮೂರನೆಯದರಲ್ಲಿ ಬಟ್ಟೆ ಹರಿದಂಥ ಸದ್ದು ಮಾತ್ರ ಬಂತು. ಪಕ್ಕಕ್ಕೆ ಹೊರಳಿ ಉಗುಳಿದ. ಒಣಗಿದ ಎಲೆಯ ಮೇಲೆ ಕೆಂಪಗೆ ಬಿತ್ತು. ತುಟಿಯ ರಕ್ತ ಎಂದುಕೊಂಡೆ, ಅಥವಾ ಹಾಗೆಂದು ನನಗೇ ಹೇಳಿಕೊಂಡೆ.

ಮನೆಯಲ್ಲಿ ಅವ್ವ ಕೇಳಿದಾಗ, ಹಂದಿ ಕಂಡ ಹುರುಪಿಗೆ ಅವನೇ ಕೂಗಿಬಿಟ್ಟ ಎಂದೆ. ಡಬ್ಬ ಏನಾಯ್ತು ಎಂದಳು. ದಾರ ಬಿಚ್ಚಿಕೊಂಡು ಬಿತ್ತು ಎಂದೆ.

ಡಾಕ್ಟರು ಮತ್ತೆ ಕನ್ನಡಿ ಹಾಕಿ ನೋಡಿ, ಒಳಗೆ ರಕ್ತ ಕಟ್ಟಿದೆ, ಇನ್ನು ತಿಂಗಳುಗಟ್ಟಲೆ ಬೇಕು, ಆಮೇಲೂ ಹೇಳಲಾಗದು ಎಂದರು. ಅವನನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ಮೇಡಂ ಅವನ ಶರ್ಟಿನ ಕಾಲರನ್ನು ಒಂದು ಬೆರಳಿನಿಂದ ಸರಿಸಿ ನೋಡಿದರು.

"ಇದು ಬೆರಳಿನ ಗುರುತಲ್ವಾ? ಯಾರು ಹೊಡೆದ್ರು? ಹೊಡೆತ ಬಿದ್ದು ಹೀಗಾಯ್ತು ಅಂತ ಆದ್ರೆ ನಾನು ಮೇಲಿನವರಿಗೆ ಬರೀತೀನಿ. ಇವನ ಪಾಠಾನ ಮುಂದಕ್ಕೆ ಹಾಕಿಸ್ಬಹುದು."

ಅವರು ಕೇಳಿದ್ದು ನನ್ನನ್ನು. ಬಾಗಿಲ ಹತ್ತಿರ ಇನ್ನೂ ಇಬ್ಬರು ಮೇಷ್ಟ್ರುಗಳು ನಿಂತಿದ್ದರು.

"ಯಾರೂ ಇಲ್ಲ ಮೇಡಂ. ಬೇಟೆಗೆ ಹೋಗಿದ್ದ, ಹುಡುಗ್ರ ಜತೆ ಸೇರ್ಕಂಡು ಕೂಗ್ಬುಟ್ಟ. ಕುತ್ಗೆಗೆ ಬಳ್ಳಿ ಸುತ್ಕಂಡಿತ್ತು."

"ಹೌದೇನಪ್ಪ?" ಎಂದು ಅವರು ತಮ್ಮನನ್ನು ಕೇಳಿದರು.

ಅವನು ಚೀಲದಿಂದ ಸ್ಲೇಟು ತೆಗೆದ. ಬಳಪ ಹಿಡಿದ. ನನ್ನ ಮುಖ ನೋಡಿದ. ನಾನು ಕಣ್ಣು ಕೆಳಗೆ ಹಾಕಿದೆ. ಅವನು ಏನೂ ಬರೆಯದೆ ಸ್ಲೇಟನ್ನು ಚೀಲಕ್ಕೆ ಹಾಕಿ, ಹೌದೆಂದು ತಲೆಯಾಡಿಸಿದ.

"ಅಷ್ಟೊಂದು ಹೇಳಿದ್ದೆನಲ್ಲೋ," ಎಂದರು ಮೇಡಂ. "ತಾನೇ ಹೋಗಿ ಕೂಗಿದೋನಿಗೆ ನಾನು ಏನಂತ ಬರೀಲಿ?"

ಪರೀಕ್ಷೆಯ ದಿನ ನಾನು ಶಾಲೆಯ ಜಗಲಿಯಲ್ಲಿ ಕಿಟಕಿಗೆ ಬಲಗಿವಿ ಕೊಟ್ಟು ನಿಂತಿದ್ದೆ. ನಾಲ್ಕನೇ ಕ್ಲಾಸು. ಅವನು ಎರಡು ಸಲ ಚಪ್ಪಾಳೆ ತಟ್ಟಿದ. ಮಕ್ಕಳು ಸುಮ್ಮನಾದವು. ಬಾಯಿ ತೆರೆದ, ಗಾಳಿ ಬಂತು. ಮಕ್ಕಳು ಆಟವೆಂದುಕೊಂಡು ಕಾದವು. ಹಿಂದಿನ ಬೆಂಚಿನಿಂದ ಯಾರೋ ಆ ಗಾಳಿಯ ಸದ್ದನ್ನು ಹಾಗೆಯೇ ಮಾಡಿ ತೋರಿಸಿದರು. ಇಡೀ ಕೋಣೆ ನಕ್ಕಿತು. ಪರೀಕ್ಷಕರು "ಸಾಕು ಬಿಡಪ್ಪ" ಎಂದರು. ಅವನು ಬಿಡಲಿಲ್ಲ. ಪೂರ್ತಿ ಪಾಠವನ್ನು ಬೋರ್ಡಿನ ಮೇಲೆ ಬರೆದ, ಕೊನೆಯ ಪ್ರಶ್ನೆಯವರೆಗೆ. ಬರೆದು ಮುಗಿಸಿ ತಾನೇ ಒರೆಸಿದ.

ಮತ್ತೆ ಅವನು ಪರೀಕ್ಷೆಗೆ ಕಟ್ಟಲಿಲ್ಲ. ದನಿ ಅರ್ಧ ಬಂತು, ಅದೂ ಸಂಜೆಯ ಹೊತ್ತಿಗೆ ಹೋಗಿಬಿಡುತ್ತದೆ. ಈಗ ಸಕಲೇಶಪುರದಲ್ಲಿ ಕಾಫಿ ಬೀಜ ಸುಲಿಯುವ ಕಡೆ ಕೆಲಸ. ಅಲ್ಲಿ ಮಿಷನ್ನಿನ ಸದ್ದಿಗೆ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲವಂತೆ.

ನಾಲ್ಕು ವರ್ಷ ಬಿಟ್ಟು ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣ್ಲಾ. ಮಾರನೆ ದಿನ ಜೀಪಿಂದ ಡಬ್ಬ ತಂದವಳು ನಾನೇ. ಬಿಚ್ಕಂಡ ದಾರ ಹಂಗಿರಲ್ಲ. ದಾರಕ್ಕೆ ಚೂರಿ ಬಿದ್ದಿತ್ತು." ಮೊರ ಕೊಡವಿದಳು. "ನಂಗೆ ಹೇಳಿ ಏನ್ ಬಂತು? ಅವತ್ತು ಆ ಮೇಡಂಗೆ ಹೇಳ್ಬೇಕಿತ್ತು."

ಅವನು ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಾನೆ. ಮೊದಲಿನ ಹಾಗೆ ದೂರದಿಂದ ಕೂಗಲು ಆಗುವುದಿಲ್ಲ. ಬೇಲಿಯ ದಾರಿಗೆ ಅಡ್ಡ ಹಾಕಿದ ಉಣಗೋಲಿನ ಹತ್ತಿರ ನಿಂತು ಎರಡು ಸಲ ಚಪ್ಪಾಳೆ ತಟ್ಟುತ್ತಾನೆ. ನನಗೆ ಕೇಳುತ್ತದೆ. ಕಿವುಡಿನ ನೆಪದಲ್ಲಿ ಕೂತೇ ಇರುತ್ತೇನೆ. ಅವ್ವ ಮಂಡಿ ಹಿಡಿದುಕೊಂಡು ಎದ್ದು, ಅಂಗಳ ದಾಟಿ ಹೋಗಿ, ಉಣಗೋಲು ಸರಿಸುತ್ತಾಳೆ.