ನೆವಿಲ್ ಬೀವರ್ಸ್ ಮುಚ್ಚಿದ ತೂತು

ನೆವಿಲ್ ಬೀವರ್ಸ್‌ನ ಹೆಸರೆತ್ತಿದರೆ ಈಗಲೂ ನಮ್ಮ ಕಲ್ಲಿದ್ದಲು ಗಣಿಯೂರು ತಾರ್ನ್‌ಬಿಯಲ್ಲಿ ಮುಖ ಸಿಂಡರಿಸುವವರಿದ್ದಾರೆ. ಆಲ್ವಿನ್ ಆಕ್ಸ್ಲಿಯನ್ನು ಕೊಂದವನು ಅವನೇ ಎಂದು ಊರು ಎಂದೋ ತೀರ್ಮಾನ ಮಾಡಿಬಿಟ್ಟಿದೆ. ಆಲ್ವಿನ್ ನನ್ನ ಗಂಡ. ನೆವಿಲ್ ಎಂಥವನಾಗಿದ್ದ ಎಂದು ಹೇಳುವ ಹಕ್ಕು ಬೇರೆ ಯಾರಿಗಿಂತಲೂ ನನಗೆ ಹೆಚ್ಚಿದೆ. ಹೇಳಬೇಕಾದಾಗ ಹೇಳದೆ ಕೂತವಳೂ ನಾನೇ.

ಅವನು ಹುಟ್ಟಿದ್ದು ಗಣಿಯ ಸಾಲುಮನೆಗಳಲ್ಲಿ, ನಮ್ಮ ಮನೆಯಿಂದ ನಾಲ್ಕನೆಯದರಲ್ಲಿ. ಮೂರು ವರ್ಷದವನಿದ್ದಾಗ ಪೋಲಿಯೊ ಬಂದು ಎಡಗಾಲು ಸಣಕಲಾಯಿತು. ಹದಿನೈದಕ್ಕೆ ಓರಗೆಯವರೆಲ್ಲ ಕಲ್ಲಿದ್ದಲು ಕಡಿಯಲು ಕೆಳಗಿಳಿದರು, ಇವನನ್ನು ಮೇಲೆ ದೀಪದ ಕೋಣೆಯಲ್ಲಿ ಕೂರಿಸಿದರು. ನಮ್ಮೂರಿನಲ್ಲಿ ಗಂಡಸರಲ್ಲಿ ಎರಡೇ ಜಾತಿ, ಇಳಿದವರು ಮತ್ತು ಇಳಿಯದವರು. ಗಣಿ ಮುಚ್ಚುವವರೆಗಿನ ಮೂವತ್ತೊಂದು ವರ್ಷದಲ್ಲಿ ನೆವಿಲ್ ಒಂದು ಸಲವೂ ಇಳಿಯಲಿಲ್ಲ. ಅದನ್ನು ಮರೆಯಲು ಅವನಿಗೆ ಯಾರೂ ಬಿಡಲೂ ಇಲ್ಲ.

ಗಣಿಯ ಅಂಗಳದ ಈಚೆಯ ಕ್ಯಾಂಟೀನಿನಲ್ಲಿ ನಾನು ಇಪ್ಪತ್ತೆರಡು ವರ್ಷ ಚಹಾ ಬಸಿದವಳು. ಕಿಟಕಿಯಿಂದ ಅವನ ಕೋಣೆ ಕಾಣುತ್ತಿತ್ತು. ಒಂಬೈನೂರು ದೀಪಗಳು, ಪ್ರತಿ ದೀಪಕ್ಕೂ ಒಬ್ಬ ಯಜಮಾನ, ಅವನಿಗೊಂದು ನಂಬರು, ಆ ನಂಬರಿನದೊಂದು ಹಿತ್ತಾಳೆ ಬಿಲ್ಲೆ. ಇಳಿಯುವವನು ಬಿಲ್ಲೆ ಕೊಟ್ಟು ದೀಪ ತೆಗೆದುಕೊಳ್ಳಬೇಕು. ನೆವಿಲ್ ಅದನ್ನು ಹಲಗೆಯ ಮೊಳೆಗೆ ತೂಗುಹಾಕುತ್ತಿದ್ದ. ಮೇಲೆ ಬಂದವನು ದೀಪ ಕೊಟ್ಟರೆ ಬಿಲ್ಲೆ ವಾಪಸು, ಅದೂ ಅವನ ಕೈಗೇ, ಬೇರೆಯವರ ಕೈಗಲ್ಲ. ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ಬಿಲ್ಲೆ ಉಳಿದಿದ್ದರೆ ಕೆಳಗೆ ಯಾರೋ ಉಳಿದಿದ್ದಾರೆ ಎಂದರ್ಥ.

ಗಣಿಯೊಳಗೆ ಗ್ಯಾಸು. ದೀಪದ ಬ್ಯಾಟರಿ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಒಂದು ಕಿಡಿ ಇಡೀ ಪಾಳಿಯನ್ನು ಸುಡಬಹುದು. ಆದ್ದರಿಂದ ನೆವಿಲ್ ಪ್ರತಿಯೊಂದನ್ನೂ ಚಾರ್ಜು ಮಾಡಿ, ಮುಚ್ಚಳ ಬಿಗಿದು, ಸೀಲು ಹಾಕಿ, ಒಮ್ಮೆ ತಿರುಚಿ ನೋಡಿಯೇ ಕೊಡುತ್ತಿದ್ದ. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಒಂದು ಬೆಳಿಗ್ಗೆ ಕೊಟ್ಟಾದ ಮೇಲೆ ಒಂದು ದೀಪದ ಬಗ್ಗೆ ಅವನಿಗೆ ಅನುಮಾನ ಬಂತು. ಆ ಕುಂಟುಗಾಲಿನಲ್ಲೇ ಓಡಿಹೋಗಿ, ಇಳಿಯಲಿದ್ದ ಲಿಫ್ಟನ್ನು ನಿಲ್ಲಿಸಿ, ಒಬ್ಬನನ್ನು ಹೊರಗೆಳೆದ. ಹನ್ನೊಂದು ನಿಮಿಷ ಪಾಳಿ ನಿಂತಿತು. ಮ್ಯಾನೇಜರು ಬಾಯಿಗೆ ಬಂದಂತೆ ಬೈದ. ದೀಪ ಬಿಚ್ಚಿದರೆ ಮುಚ್ಚಳದ ಅಂಚಿನಲ್ಲಿ ಬಿರುಕು. ಹೊರಗೆಳೆಸಿಕೊಂಡವನು ನಂಬರ್ ನಾನೂರ ಹದಿನೇಳು, ನನ್ನ ಆಲ್ವಿನ್. ಅವತ್ತಿನಿಂದ ಇಬ್ಬರೂ ಅಣ್ಣತಮ್ಮಂದಿರ ಹಾಗಿದ್ದರು.

ಗಣಿ ಮುಚ್ಚಿತು. ಸಾಮಾನೆಲ್ಲ ಗುಜರಿಗೆ ಹೋಗುವಾಗ ನೆವಿಲ್ ಬಿಲ್ಲೆಗಳ ಹಲಗೆಯನ್ನು ಕೈಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದು ಹಿತ್ತಲಿನ ಶೆಡ್ಡಿನಲ್ಲಿ ನೇತುಹಾಕಿದ. ಮದುವೆಯಾಗಲಿಲ್ಲ. ರೇಡಿಯೊ ರಿಪೇರಿ ಮಾಡುತ್ತಿದ್ದ, ಭಾನುವಾರ ನಮ್ಮನೆಯಲ್ಲಿ ಊಟ. ಆಲ್ವಿನ್ ತನ್ನ ಎದೆಯಲ್ಲಿ ಇಪ್ಪತ್ತೇಳು ವರ್ಷದ ಕಲ್ಲಿದ್ದಲ ಧೂಳು ತುಂಬಿಕೊಂಡು ಬಂದಿದ್ದ. ಕೆಳಗೆ ಬೆಂಕಿಕಡ್ಡಿ ಒಯ್ಯುವ ಹಾಗಿಲ್ಲವಲ್ಲ, ಆ ಬಾಕಿಯನ್ನೆಲ್ಲ ತೀರಿಸುವವನ ಹಾಗೆ ಮೇಲೆ ಕೂತು ದಿನಕ್ಕೆ ನಲವತ್ತು ಸಿಗರೇಟು ಸುತ್ತಿ ಸುತ್ತಿ ಸೇದಿದ.

ಎರಡು ಸಾವಿರದ ಹನ್ನೆರಡರಲ್ಲಿ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. "ಧೂಳನ್ನ ನಾನು ತೆಗೆಯೋಕಾಗಲ್ಲ ಮಿಸ್ಟರ್ ಆಕ್ಸ್ಲಿ. ಸಿಗರೇಟನ್ನ ನೀವು ಬಿಡಬಹುದು. ಬಿಟ್ರೆ ಐದಾರು ವರ್ಷ. ಬಿಡದಿದ್ರೆ ಎರಡು ಕ್ರಿಸ್‌ಮಸ್."

ಅಂಗಡಿಯಿಂದ ಇ-ಸಿಗರೇಟು ತಂದೆವು. ಪೆನ್ನಿನಂಥದು. ಹನ್ನೊಂದು ಗಂಟೆಗೆಲ್ಲ ಅದರ ಬ್ಯಾಟರಿ ಸತ್ತು, ಅವನ ಕೈ ಜೇಬಿನ ತಂಬಾಕಿನ ಡಬ್ಬಿಗೆ ಹೋಗುತ್ತಿತ್ತು. ಮೂರು ತಂದೆವು, ಮೂರರದೂ ಅದೇ ಹಣೆಬರಹ. ನಾನು ಸೀದಾ ನೆವಿಲ್‌ನ ಶೆಡ್ಡಿಗೆ ಹೋದೆ.

"ದಿನಪೂರ್ತಿ ಬರೋ ಬ್ಯಾಟರಿ ಬೇಕು ಕಣೋ. ಮೂವತ್ತು ವರ್ಷ ಅದನ್ನೇ ತಾನೇ ಮಾಡಿದ್ದು ನೀನು?"

"ಅದು ಬೇರೆ, ಇದು ಬೇರೆ."

"ಬೇರೆ ಆದ್ರೆ ಕಲಿ. ಅವನು ಸಾಯ್ತಾ ಇದಾನೆ."

ಕಲಿತ. ಲೈಬ್ರರಿಯವಳ ಬೆನ್ನುಬಿದ್ದು, ಮನೆಯಲ್ಲೇ ಇ-ಸಿಗರೇಟಿನ ಡಬ್ಬಿ ಮಾಡಿಕೊಳ್ಳುವವರು ಇಂಟರ್‌ನೆಟ್ಟಿನಲ್ಲಿ ಹಾಕಿದ್ದ ಒಂದು ಚಿತ್ರ ಮುದ್ರಿಸಿಕೊಂಡು ತಂದ. ಕೆಟ್ಟ ಲ್ಯಾಪ್‌ಟಾಪುಗಳ ಬ್ಯಾಟರಿ ಹುಡುಕಿ ಒಡೆದ. ಒಳಗೆ ಹೆಬ್ಬೆರಳಿಗಿಂತ ತುಸು ದೊಡ್ಡ ಆರು ಸೆಲ್ಲುಗಳಿರುತ್ತವೆ, ಎರಡು ಸತ್ತಿದ್ದರೂ ನಾಲ್ಕು ಬದುಕಿರುತ್ತವೆ. ಒಂದು ಬದುಕಿದ ಸೆಲ್ಲು, ಬಾಗಿಲ ಗಂಟೆಯ ಗುಂಡಿ, ಒಂದಿಷ್ಟು ವೈರು, ಮೇಲೆ ಸೇದುವ ಕೊಳವೆ ತಿರುಪಿ ಕೂರಿಸಲು ಹಿತ್ತಾಳೆಯ ತಿರುಪು. ಇಷ್ಟನ್ನೂ ಯಾವ ಪೆಟ್ಟಿಗೆಯಲ್ಲಿ ಇಡಬೇಕು ಎಂಬುದರಲ್ಲೇ ಅವನ ಜಾಣತನ ಇದ್ದದ್ದು. ಆಲ್ವಿನ್‌ನ ತಂಬಾಕಿನ ಡಬ್ಬಿಯನ್ನೇ ಕೇಳಿದ.

"ಬಾಯಿಗೆ ಹೊಗೆ ಬೇಕು, ಸರಿ," ಎಂದ. "ಆದ್ರೆ ಕೈಗೆ ಡಬ್ಬಿ ಬೇಕು. ಅವನ ಕೈ ಅದೇ ಜೇಬಿಗೆ ಹೋಗಿ ಅದೇ ಡಬ್ಬೀನ ಹಿಡೀಲಿ. ತಂಬಾಕು ಇಡೋಕೆ ಜಾಗ ಇರಲ್ಲ, ಅಷ್ಟೇ."

ಡಬ್ಬಿಯ ಒಳಗೆ ಸೈಕಲ್ ಟ್ಯೂಬಿನ ರಬ್ಬರು ಹೊದಿಸಿದ. ತಳದಲ್ಲಿ ಚಿತ್ರದಲ್ಲಿದ್ದಂತೆ ಕಡ್ಡಿ ಹೋಗುವಷ್ಟು ಎರಡು ತೂತು ಕೊರೆದ. ಮುಚ್ಚಳದ ಮೇಲೆ ೪೧೭ ಎಂದು ಉಳಿಯಿಂದ ಕೆತ್ತಿದ. ಚಾರ್ಜು ಮಾಡುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಪ್ರತಿ ಸಂಜೆ ಆಲ್ವಿನ್ ಹೋಗಿ ಡಬ್ಬಿ ಒಪ್ಪಿಸಬೇಕು, ಗಣಿಯ ಕಾಲದ ತನ್ನ ಬಿಲ್ಲೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಬಿಲ್ಲೆ ಕೊಟ್ಟು ಡಬ್ಬಿ ತರಬೇಕು. ಎಪ್ಪತ್ತರ ಹತ್ತಿರದ ಇಬ್ಬರು ಮುದುಕರು ಈ ಆಟ ಆಡುವುದನ್ನು ನೋಡಿ ನಾನು ನಗುತ್ತಿದ್ದೆ, ಒಳಗೊಳಗೇ ಖುಷಿಯೂ ಪಡುತ್ತಿದ್ದೆ. ಮೊದಲ ವಾರ ಎಂಟು ಸಿಗರೇಟು, ಎರಡನೆಯ ವಾರ ಎರಡು, ಆಮೇಲೆ ಇಲ್ಲ. ನಡುವೆ ಕೂರದೆ ಗುಡ್ಡದ ಮೇಲಿನ ತರಕಾರಿ ತೋಟಕ್ಕೆ ನಡೆದುಹೋದ. ಇನ್ನೂ ಮೂವರು ಹಳೆಯ ಗಣಿಯವರು ತಮ್ಮ ಡಬ್ಬಿ ಹಿಡಿದು ನೆವಿಲ್‌ನ ಬಾಗಿಲಿಗೆ ಬಂದರು. ಗಣಿ ಮುಚ್ಚಿದ ಮೇಲೆ ಅವನು ತಲೆಯೆತ್ತಿ ನಡೆದದ್ದನ್ನು ನಾನು ನೋಡಿದ್ದು ಆಗಲೇ.

ಮುಂದಿನ ಜನವರಿಯ ಒಂದು ಶನಿವಾರ ಮಧ್ಯಾಹ್ನ ನಾವು ಗಣಿ ಕೆಲಸಗಾರರ ಕ್ಲಬ್ಬಿನಲ್ಲಿದ್ದೆವು. ಆಲ್ವಿನ್ ಜೇಬಿನಿಂದ ತೆಗೆದ ಡಬ್ಬಿಯ ತೂತಿನಲ್ಲಿ ತೋಟದ ಮಣ್ಣು ಸಿಕ್ಕಿಕೊಂಡಿತ್ತು. ನಾನು ಅದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ. ನನ್ನ ನಾಲಿಗೆ ಚುರುಕು ಎಂದು ಕ್ಯಾಂಟೀನಿನ ಕಾಲದಿಂದಲೂ ಹೆಸರು, ಆ ಹೆಸರಿನ ಮೇಲೆ ನನಗೆ ಹೆಮ್ಮೆ.

"ನೆವಿಲ್ ಬೀವರ್ಸ್! ತೂತಿರೋ ದೀಪ ಕೊಟ್ಟು ಕಳಿಸಿದೀಯಲ್ಲೋ. ಗಣಿಯಲ್ಲಾಗಿದ್ರೆ ಕತ್ತು ಹಿಡಿದು ಆಚೆ ಹಾಕ್ತಿದ್ರು ನಿನ್ನ."

ಮೇಜಿನ ಸುತ್ತ ನಗು ಎದ್ದಿತು. ನೆವಿಲ್ ಮೆಲ್ಲಗೆ ಹೇಳಿದ, "ಚಿತ್ರದಲ್ಲಿ ಹಾಗೇ ಇತ್ತು."

"ಯಾಕೆ ಅಂತ ಇತ್ತಾ?"

"ಯಾಕೆ ಅಂತ ಬರೆದಿರ್ಲಿಲ್ಲ."

"ಹಂಗಾದ್ರೆ ಚಿತ್ರ ಬರೆದೋನು ಗಣಿಗೆ ಇಳಿದೋನಲ್ಲ ಬಿಡು."

ಕಲ್ಲಿದ್ದಲು ಕಡಿಯುತ್ತಿದ್ದ ಮಾರಿಸ್ ಹಾಲ್ರಾಯ್ಡ್ ಗ್ಲಾಸಿನಿಂದ ಬಾಯಿ ತೆಗೆಯದೇ, "ಇವನು ಯಾವಾಗ ಇಳಿದಿದ್ದ?" ಎಂದ. ಆಗ ಎದ್ದ ನಗು ಕೌಂಟರಿನವರೆಗೂ ಹೋಯಿತು. ಆಲ್ವಿನ್ ಕೂಡ ನಕ್ಕ. ನೆವಿಲ್‌ನ ಮುಖ ಕಿವಿಯವರೆಗೆ ಕೆಂಪಾಯಿತು. ಅವನು ಕೈ ಚಾಚಿ, "ಕೊಡು ಆಲ್ವಿನ್," ಎಂದು ಡಬ್ಬಿ ತೆಗೆದುಕೊಂಡು, ಬಿಯರನ್ನು ಅರ್ಧಕ್ಕೇ ಬಿಟ್ಟು ಹೋದ.

ಭಾನುವಾರ ಊಟಕ್ಕೆ ಬರುವಾಗ ಡಬ್ಬಿ ತಂದಿದ್ದ. ತೂತು ಎರಡಕ್ಕೂ ಸೀಸದ ಬೆಸುಗೆ ಹಾಕಿ, ಮುಚ್ಚಳದ ಅಂಚಿಗೆ ರಬ್ಬರು ಕೊಟ್ಟು, ಮೇಲೆ ಡಾಂಬರು ಬಳಿದು, ಬಿಗಿದು ಬಂದಿದ್ದ. ನನ್ನ ಮುಂದೆ ಅದನ್ನು ಒಮ್ಮೆ ತಿರುಚಿ ತೋರಿಸಿದ. "ನೋಡ್ಕೋ ನೋರೀನ್. ನೀರಲ್ಲಿ ಮುಳುಗಿಸಿದ್ರೂ ಗುಳ್ಳೆ ಬರಲ್ಲ."

"ಈಗ ನೋಡು, ಇದು ದೀಪ," ಎಂದೆ ನಾನು. ಉಳಿದ ಮೂವರ ಡಬ್ಬಿಗಳನ್ನೂ ಅದೇ ವಾರ ಮುಚ್ಚಿದ.

ಫೆಬ್ರವರಿ ಹತ್ತೊಂಬತ್ತು, ಬೆಳಿಗ್ಗೆ. ಆಲ್ವಿನ್ ಬಿಲ್ಲೆ ಕೊಟ್ಟು ಡಬ್ಬಿ ತಂದು, ಅಂಗಿಯ ಎದೆಜೇಬಿನಲ್ಲಿ ಇಟ್ಟುಕೊಂಡು, ಬೂಟಿನ ಲೇಸು ಕಟ್ಟಲು ಬಗ್ಗಿದ. ನಾನು ಒಲೆಯ ಮುಂದಿದ್ದೆ. ಸದ್ದು ಕೇಳಿ ಗ್ಯಾಸ್ ಒಲೆಯೇ ಸಿಡಿಯಿತು ಎಂದುಕೊಂಡು ಮೊದಲು ಅದನ್ನು ನೋಡಿದೆ. ತಿರುಗಿದಾಗ ಅವನು ಕುರ್ಚಿಯ ಪಕ್ಕದಲ್ಲಿ ಬಿದ್ದಿದ್ದ, ಎದೆಯ ಮೇಲೆ ಅಂಗಿ ಹೊತ್ತಿ ಉರಿಯುತ್ತಿತ್ತು. ಒದ್ದೆ ಟವೆಲ್ಲು ಹಾಕಿ ಒತ್ತಿದೆ. ಅವನು ನನ್ನ ಹೆಸರು ಹಿಡಿದು ಕೂಗಿದ್ದು ಈಗಲೂ ಅಡುಗೆಮನೆಗೆ ಕಾಲಿಟ್ಟರೆ ಕೇಳುತ್ತದೆ.

ಹತ್ತೊಂಬತ್ತು ದಿನ ಬದುಕಿದ್ದ. ಸುಟ್ಟ ಗಾಯ ಮಾಯುತ್ತಿತ್ತು, ಶ್ವಾಸಕೋಶಕ್ಕೆ ತಡೆಯಲಾಗಲಿಲ್ಲ. ಅವತ್ತೇ ಸುದ್ದಿ ಕೇಳಿದ ನೆವಿಲ್ ಕಾಲೆಳೆದುಕೊಂಡು ಮೂರೂ ಮನೆಗೆ ಹೋಗಿ ಉಳಿದ ಡಬ್ಬಿಗಳನ್ನು ಕಿತ್ತುಕೊಂಡು ಬಂದನಂತೆ. ಆಸ್ಪತ್ರೆಗೆ ದಿನಾ ಬಂದ, ಒಳಗೆ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಟೋಪಿ ಹಿಡಿದು ಕೂತಿರುತ್ತಿದ್ದ. ನಾನು ಅವನ ಮುಂದೆಯೇ ಹಾದುಹೋಗುತ್ತಿದ್ದೆ, ಮಾತಾಡಿಸಲಿಲ್ಲ.

ಸಾವಿನ ವಿಚಾರಣೆಗೆ ಊರಿನ ಅರ್ಧ ಜನ ಬಂದಿದ್ದರು. ಬೆಂಕಿಯ ವಿಷಯ ಬಲ್ಲವನೊಬ್ಬ ಸಾಕ್ಷಿ ಹೇಳಿದ. ವೈರಿನ ಹೊದಿಕೆ ಡಬ್ಬಿಯ ಅಂಚಿಗೆ ತಿಕ್ಕಿ ಹರಿದಿತ್ತು. ಶಾರ್ಟ್ ಆಗಿ ಸೆಲ್ಲು ಕಾದು ಗ್ಯಾಸು ಬಿಟ್ಟಿತು. ಹೋಗಲು ದಾರಿಯಿಲ್ಲದ್ದರಿಂದ ಡಬ್ಬಿ ಸಿಡಿಯಿತು. "ತಳದಲ್ಲಿ ಎರಡು ಸಣ್ಣ ತೂತು ಇದ್ದಿದ್ದರೆ ಅಂಗಿ ಸುಡ್ತಿತ್ತು, ಚರ್ಮ ಸ್ವಲ್ಪ ಸುಡ್ತಿತ್ತು. ಅಷ್ಟೇ," ಎಂದ.

ವಿಚಾರಣೆ ನಡೆಸುತ್ತಿದ್ದಾಕೆ ನೆವಿಲ್‌ನನ್ನು ಕೇಳಿದಳು, "ತೂತುಗಳು ಮೊದಲು ಇದ್ದವಲ್ಲ, ಮಿಸ್ಟರ್ ಬೀವರ್ಸ್. ಯಾಕೆ ಮುಚ್ಚಿದಿರಿ?"

ನೆವಿಲ್ ನನ್ನ ಕಡೆ ನೋಡಲಿಲ್ಲ. ನಾನು ಕೈಚೀಲದ ಹಿಡಿ ಬಿಗಿಯಾಗಿ ಹಿಡಿದು ಕಾದೆ.

"ನಾನು ಲ್ಯಾಂಪ್‌ಮನ್ನು ಮೇಡಂ. ಸಂದಿ ಇರೋದನ್ನ ಆಚೆ ಬಿಡೋ ಹಂಗಿಲ್ಲ ನಾನು."

"ಯಾರಾದರೂ ಹಾಗೆ ಮಾಡಲು ಹೇಳಿದರಾ?"

"ಇಲ್ಲ."

ಎದ್ದು ನಿಂತು, ಹೇಳಿದವಳು ನಾನು ಎನ್ನಬಹುದಿತ್ತು. ಎದ್ದೇಳಲಿಲ್ಲ. ಗಂಡ ಸತ್ತವಳನ್ನು ಜನ ಕರುಣೆಯಿಂದ ನೋಡುತ್ತಿದ್ದರು, ಆ ಕರುಣೆ ನನಗೆ ಬೇಕಿತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ಆಕಸ್ಮಿಕ ಸಾವು ಎಂದು ಬರೆದರು. ಊರು ಹಾಗೆನ್ನಲಿಲ್ಲ. ಲ್ಯಾಂಪ್‌ಮನ್ ಹೋಗಿ ಬಾಂಬ್‌ಮನ್ ಆದ. ಅವನ ಗೇಟಿನ ಒಳಗೆ ಯಾರೋ ಖಾಲಿ ತಂಬಾಕಿನ ಡಬ್ಬಿಗಳನ್ನು ಎಸೆದುಹೋಗುತ್ತಿದ್ದರು. ಕ್ಲಬ್ಬಿಗೆ ಬರುವುದನ್ನು ಬಿಟ್ಟ. ರೇಡಿಯೊ ತರುವವರೂ ನಿಂತರು.

ಜೂನಿನಲ್ಲಿ ಒಂದು ಮಧ್ಯಾಹ್ನ ತಡೆಯಲಾರದೆ ಅವನ ಶೆಡ್ಡಿಗೆ ಹೋದೆ. ಬರಿಗೈಯಲ್ಲಿ ಬೆಂಚಿನ ಮುಂದೆ ಕೂತಿದ್ದ.

"ನಾನೇ ಹೇಳಿದ್ದು ನೆವಿಲ್. ಕ್ಲಬ್ಬಲ್ಲಿ. ನಾನು ಕಿಚಾಯಿಸದಿದ್ರೆ ನೀನು ಮುಚ್ತಿರ್ಲಿಲ್ಲ."

"ನೀನು ಚಹಾದವಳು," ಎಂದ, ಸಿಟ್ಟಿಲ್ಲದೆ. "ದೀಪದ ವಿಷಯದಲ್ಲಿ ಚಹಾದವಳ ಮಾತು ಕೇಳಿದ್ರೆ ತಪ್ಪು ಲ್ಯಾಂಪ್‌ಮನ್ನಂದು."

"ಜನಕ್ಕೆ ಹೇಳ್ತೀನಿ."

"ಹೇಳಿದ್ರೆ ಅವನು ಬರ್ತಾನಾ?"

ಹಲಗೆಯ ಮೇಲೆ ೪೧೭ರ ಬಿಲ್ಲೆಯೊಂದೇ ತೂಗುತ್ತಿತ್ತು. ಅವತ್ತು ಬೆಳಿಗ್ಗೆ ಆಲ್ವಿನ್ ಕೊಟ್ಟುಹೋದದ್ದು. ಅದನ್ನು ನನಗೆ ಕೊಡು ಎಂದೆ. ನೆವಿಲ್ ಆಗದು ಎಂದು ತಲೆಯಾಡಿಸಿದ.

"ಮೇಲೆ ಬಂದೋನ ಕೈಗೇ ಕೊಡೋದು, ನೋರೀನ್. ನಿಂಗೊತ್ತಲ್ಲ."

ಆಮೇಲೆ ಅವನು ಒಂಬತ್ತು ತಿಂಗಳಿದ್ದ. ನಾನು ಜನಕ್ಕೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ, ಬೇಡವೆಂದು ಅವನೇ ಅಂದನಲ್ಲ ಎಂದೂ ಅಂದುಕೊಂಡೆ. ಮಾರ್ಚಿನಲ್ಲಿ ನಾಲ್ಕು ದಿನದ ಹಾಲು ಬಾಗಿಲಲ್ಲೇ ಉಳಿದದ್ದನ್ನು ಕಂಡು ಪಕ್ಕದ ಮನೆಯವರು ಪೊಲೀಸರನ್ನು ಕರೆದರು. ಹೃದಯ ನಿಂತಿತ್ತು ಎಂದರು.

ಮಣ್ಣಿಗೆ ಬಂದವರು ಕ್ಲಬ್ಬಿನ ಆ ಮೇಜಿನವರೇ, ನಾವೇ ಕೆಲವರು. ಆಮೇಲೆ ಕ್ಲಬ್ಬಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚು, ಚಹಾ. ನಾನು ಕಪ್ಪು ಕೆಳಗಿಟ್ಟು ಎದ್ದುನಿಂತೆ.

"ಆ ತೂತು ಮುಚ್ಚಿಸಿದ್ದು ನಾನು. ಇಲ್ಲೇ, ಈ ಮೇಜಿನ ಮುಂದೆ ಅವನನ್ನ ಹಂಗಿಸಿ ಮುಚ್ಚಿಸಿದೆ. ಅವನು ನನ್ನ ಹೆಸರು ಹೇಳಲಿಲ್ಲ, ಅಷ್ಟೇ."

ಬೈಗುಳ ಬರಲಿ ಎಂದು ಕಾದೆ. ಮಾರಿಸ್ ಹಾಲ್ರಾಯ್ಡ್ ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ಹಾಕಿ, ಕಣ್ಣೆತ್ತದೆ ಮಾತಾಡಿದ.

"ಅದು ನಮಗೆಲ್ಲ ಗೊತ್ತಲ್ಲ, ನೋರೀನ್. ನಾವೂ ನಗ್ತಾ ಇದ್ವಲ್ಲ."

ಅವತ್ತು ಆ ಮೇಜಿನಲ್ಲಿ ನಕ್ಕವರಲ್ಲಿ ಆಲ್ವಿನ್‌ನನ್ನು ಬಿಟ್ಟರೆ ನಾನೂ ಸೇರಿ ಆರು ಜನ. ವಿಚಾರಣೆಯ ದಿನ ಆರೂ ಜನ ಮೊದಲ ಎರಡು ಸಾಲಿನಲ್ಲಿ ಕೂತಲ್ಲೇ ಕೂತಿದ್ದೆವು.