ಮೂರು ಸಲ ಓದಿಸಿದ ಮೇಸ್ತ್ರಿ

ಅವರ ಬಲಗೈ ಮೊಣಕೈಯವರೆಗೆ ಎಡಗೈಗಿಂತ ಕಪ್ಪಗಿತ್ತು. ಕಾಫಿ ತೋಟದಲ್ಲಿ ನಲವತ್ತು ವರ್ಷ ಮೇಸ್ತ್ರಿಯಾಗಿದ್ದವರು. ಕೊಯ್ಲಿನ ಆಳುಗಳು ಚೀಲ ತಂದಿಟ್ಟರೆ ಮೇಲಿನ ಕೆಂಪು ಹಣ್ಣು ನೋಡಿ ಒಪ್ಪುವವರಲ್ಲ. ಕೈಯನ್ನು ತಳದವರೆಗೆ ಇಳಿಸಿ, ಅಡಿಯಲ್ಲಿ ಹಸಿರುಕಾಯಿ ತುಂಬಿದ್ದಾರೋ ಎಂದು ಒಂದು ಹಿಡಿ ಮೇಲೆತ್ತಿ ನೋಡಬೇಕು. ಹಣ್ಣಿನ ರಸ ಹತ್ತಿ ಹತ್ತಿ ಆ ಕೈ ಹಾಗಾಗಿತ್ತು. ತೋಟ ಬಿಟ್ಟ ಮೇಲೂ ಅದು ಸುಮ್ಮನಿರಲಿಲ್ಲ. ನಮ್ಮ ಕಾಲನಿಯ ಅಡುಗೆಮನೆಗೆ ಅಕ್ಕಿ ಮೂಟೆ ಬಂದರೆ ಮೊದಲು ಒಳಗಿಳಿಯುತ್ತಿದ್ದುದು ಅದೇ ಕೈ.

ಆ ಕಾಲನಿ ಇರುವುದು ಆಲ್ದೂರಿನ ಹತ್ತಿರ. ತೋಟದವರು ಆಳುಗಳಿಗೆ ಕೊಡುವ ಸಾಲುಮನೆ, ಅಂದರೆ ಲೈನ್ ಮನೆ, ಕಳೆದುಕೊಂಡ ವಯಸ್ಸಾದ ಕಾರ್ಮಿಕರಿಗಾಗಿ ಒಂದು ಸಂಸ್ಥೆ ಇಪ್ಪತ್ತು ಮನೆ ಕಟ್ಟಿಸಿತು, ಜೊತೆಗೆ ಒಂದು ದೊಡ್ಡ ಕಣ. ಸುತ್ತಲಿನ ಸಣ್ಣ ಬೆಳೆಗಾರರು ಕಾಫಿ, ಮೆಣಸು ತಂದು ಅಲ್ಲಿ ಒಣಗಿಸಿಕೊಳ್ಳಬೇಕು. ಆ ಬಾಡಿಗೆಯಲ್ಲಿ ಎಲ್ಲರ ಮಧ್ಯಾಹ್ನದ ಊಟ, ವಾರಕ್ಕೊಮ್ಮೆ ಬರುವ ನರ್ಸ್, ಆಸ್ಪತ್ರೆಗೆ ಹೋಗಲು ಜೀಪು ನಡೆಯಬೇಕು. ಇದಕ್ಕೆ ಸಾಮಾಜಿಕ ಉದ್ಯಮ ಎಂದು ಹೆಸರು. ನಾನು ಅದರ ಮೇಲ್ವಿಚಾರಕಿ. ಮೊದಲ ಸಭೆಯಲ್ಲಿ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿ ಕೂತೆ. ಮೇಸ್ತ್ರಿ ಎದ್ದು ನಿಂತರು.

"ದಾನ ಅಂದ್ರೆ ಗೊತ್ತಾಗುತ್ತೆ ಮೇಡಂ. ವ್ಯಾಪಾರ ಅಂದ್ರೂ ಗೊತ್ತಾಗುತ್ತೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ರೆ ಕೈ ಹಾಕಿ ನೋಡ್ಬೇಕಾಗುತ್ತೆ."

ನನಗೆ ಮೈಯೆಲ್ಲ ಉರಿಯಿತು. ಒಳ್ಳೆಯದು ಮಾಡಲು ಬಂದವಳನ್ನೂ ಅನುಮಾನಿಸುವ, ಮೊಸರಿನಲ್ಲಿ ಕಲ್ಲು ಹುಡುಕುವ ಮುದುಕ ಎಂದುಕೊಂಡೆ. ಅವರೂ ಬಿಡಲಿಲ್ಲ. ನರ್ಸ್ ಮಾತ್ರೆ ಕೊಟ್ಟರೆ, "ಮೊದ್ಲು ನೀವೊಂದು ನುಂಗಿ" ಅನ್ನುತ್ತಿದ್ದರು. ಫೋಟೋ ತೆಗೆಯಲು ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ನಕ್ಕು ಮಾತಾಡಿಸಿದ ದಿನ ಅವರ ಅನುಮಾನ ಇನ್ನಷ್ಟು ಹೆಚ್ಚುತ್ತಿತ್ತು.

ಕಾರಣ ತಿಳಿಸಿದವರು ಅಡುಗೆಯ ಅಕ್ಕ. ಹಳೆಯ ಧಣಿ ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು, "ನೀನಿರೋ ತನಕ ಈ ಲೈನ್ ಮನೆ ನಿಂದೇ ಕಣೋ" ಎಂದಿದ್ದರಂತೆ. ತೋಟ ಮಾರಾಟವಾಯಿತು. ಕೊಂಡವರು ಎಂಟು ದಿನದ ಗಡುವು ಕೊಟ್ಟರು. ಓಡಿಹೋಗಿ ಕೇಳಿದರೆ ಹಳೆಯ ಧಣಿ, "ನಾನೇನು ಬರ್ಕೊಟ್ಟಿದ್ನಾ?" ಎಂದುಬಿಟ್ಟರಂತೆ. ಆಮೇಲೆ ಮೇಸ್ತ್ರಿ ಬಾಯಿಮಾತು ನಂಬುವುದನ್ನೇ ಬಿಟ್ಟರು.

ಎರಡು ವರ್ಷದ ಮೇಲೆ ಸಂಸ್ಥೆ ಮನೆಗಳನ್ನು ನಿವಾಸಿಗಳ ಸಂಘಕ್ಕೆ ಬರೆದುಕೊಡಲು ಮುಂದೆ ಬಂತು. ಒಪ್ಪಂದಕ್ಕೆ ಎಲ್ಲರ ಸಹಿ ಬೇಕು. ಊಟದ ಮನೆಯಲ್ಲಿ ನಾನು ಅದನ್ನು ಗಟ್ಟಿಯಾಗಿ ಓದಿದೆ. ಹತ್ತೊಂಬತ್ತು ಮನೆಯವರು ಸಹಿ ಹಾಕಿದರು, ಇಲ್ಲವೇ ಹೆಬ್ಬೆಟ್ಟು ಒತ್ತಿದರು. ಮೇಸ್ತ್ರಿ ಮಾತ್ರ ಒಪ್ಪಂದದ ಒಂದು ಪ್ರತಿಯನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು ಹೋದರು. "ಒಬ್ಬನಿಂದ ಎಲ್ಲರ ಕೆಲಸ ಕೆಡುತ್ತೆ ಮಾರಾಯ" ಎಂದು ಪಕ್ಕದ ಮನೆಯವರು ಬೈದರು. ನಾನೂ ಒಳಗೊಳಗೆ ಬೈದೆ.

ಮೂರನೇ ದಿನ ಬಂದರು. ಅಕ್ಷರ ಬಾರದ ಅವರಿಗೆ ತೋಟದಲ್ಲಿ ಚೀಲ ಲೆಕ್ಕವಿಡುವ ಒಂದು ಕ್ರಮವಿತ್ತು: ಒಂದು ಚೀಲ ದಾಟಿದರೆ ಬಲ ಜೇಬಿನ ಒಂದು ಕಾಫಿ ಬೀಜ ಎಡ ಜೇಬಿಗೆ. ಈಗ ನನ್ನ ಮೇಜಿನ ಮೇಲೆ ಬೀಜಗಳನ್ನು ಮೂರು ಗುಡ್ಡೆ ಇಟ್ಟರು.

"ಇದು ಬಸ್ಸಿನ ಕಂಡಕ್ಟರ್ ಓದಿದ್ದು, ಹನ್ನೆರಡು ಕಲಂ. ಇದು ರೇಷನ್ ಅಂಗಡಿಯವ್ರು ಓದಿದ್ದು, ಹನ್ನೆರಡು. ಇದು ನೀವು ಓದಿದ್ದು. ಹನ್ನೊಂದೇ ಇದೆ ಮೇಡಂ."

ಆ ದಿನ ಒಂಬತ್ತನೇ ಕಲಂ ಬಿಟ್ಟಿದ್ದೆ. ಊಟದ ಹೊತ್ತು ಮೀರಿತ್ತು ಎಂಬುದು ನಿಜ. ಅದನ್ನು ಓದಿದರೆ ಇವರು ನೂರು ಪ್ರಶ್ನೆ ಹಾಕುತ್ತಾರೆ ಎಂದು ಹೆದರಿದ್ದೂ ನಿಜ. ಈಗ ಓದಿದೆ: ಕಣವು ಸತತವಾಗಿ ಅರವತ್ತು ದಿನ ಮುಚ್ಚಿದ್ದರೆ ಜಾಗ ಮತ್ತು ಮನೆಗಳು ಸಂಸ್ಥೆಗೆ ಮರಳುತ್ತವೆ.

"ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯಾವ ಕಣ ತೆಗೀತಾರೆ?" ಎಂದರು ಮೇಸ್ತ್ರಿ.

ಮಳೆಗಾಲದಲ್ಲಿ ನಮ್ಮಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಆ ಕಲಮಿನ ಪ್ರಕಾರ ಆಗಸ್ಟ್ ಬರುವಷ್ಟರಲ್ಲಿ ಇಪ್ಪತ್ತು ಮನೆಯೂ ಕೈತಪ್ಪಿದಂತೆಯೇ.

"ಸಿಟಿಯವ್ರು ಮೇಸ್ತ್ರಿಗಳೇ, ಅವ್ರಿಗೆ ಇದೆಲ್ಲ ಗೊತ್ತಿರ್ಲಿಕ್ಕಿಲ್ಲ" ಎಂದೆ.

"ಗೊತ್ತಿದ್ದು ಬರೆದ್ರೂ ಗೊತ್ತಿಲ್ದೆ ಬರೆದ್ರೂ ಮನೆ ಹೋಗೋದು ಒಂದೇ ಥರ. ಅವ್ರ ವಿಷ್ಯ ಬಿಡಿ. ನೀವ್ಯಾಕೆ ಬಿಟ್ರಿ?"

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಅವರೆದುರೇ ಸಂಸ್ಥೆಯ ನಿರ್ದೇಶಕರಿಗೆ ಫೋನ್ ಮಾಡಿದೆ. ನಿರ್ದೇಶಕರು, "ಅದು ಎಲ್ಲಾ ಕಡೆ ಹಾಕುವ ಕಲಂ, ಬೇಡ ಅಂದರೆ ತೆಗೆಯೋಣ" ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೇ ಅನುಮಾನ ಹುಟ್ಟಿಸಿತು. ಅದು ತಿಳಿಯದೆ ಆದ ತಪ್ಪೋ, ತಿಳಿದೇ ಇಟ್ಟ ಬಾಗಿಲೋ ಇಂದಿಗೂ ನನಗೆ ಗೊತ್ತಿಲ್ಲ. ಹೊಸ ಕಾಗದ ಬಂತು. ಮೇಸ್ತ್ರಿ ಅದನ್ನೂ ಮೂವರ ಬಳಿ ಓದಿಸಿಯೇ ಹೆಬ್ಬೆಟ್ಟು ಒತ್ತಿದರು. ಮನೆಗಳನ್ನು ಸಂಘಕ್ಕೆ ಒಪ್ಪಿಸಿದ ಸಮಾರಂಭದ ದಿನ ನಿರ್ದೇಶಕರು ವೇದಿಕೆಯಲ್ಲಿ ನಿವಾಸಿಗಳ ಪಾಲ್ಗೊಳ್ಳುವಿಕೆಯನ್ನು ಬಹಳ ಹೊಗಳಿದರು. ಮೇಸ್ತ್ರಿ ಅಡುಗೆಮನೆಯಲ್ಲಿ ಈರುಳ್ಳಿ ಮೂಟೆ ನೋಡುತ್ತಿದ್ದರು.

ಕಳೆದ ವರ್ಷ ಅವರಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಆಸ್ಪತ್ರೆಯವರು ಒಪ್ಪಿಗೆ ಪತ್ರ ಕೊಟ್ಟಾಗ ಕಳಸದಿಂದ ಬಂದಿದ್ದ ಮಗಳು ನನಗೆ ಫೋನ್ ಮಾಡಿದಳು. "ನೀವು ಬಂದು ಓದ್ಬೇಕಂತೆ ಮೇಡಂ. ಅಪ್ಪ ಹಟ ಹಿಡ್ದಿದ್ದಾರೆ." ಜೀಪು ಹತ್ತಿ ಹೋದೆ. ಒಂದಕ್ಷರ ಬಿಡದೆ, ಕೆಳಗಿನ ಸಣ್ಣಕ್ಷರವನ್ನೂ ಓದಿದೆ. ಕಣ್ಣು ಮುಚ್ಚಿ ಕೇಳಿ, ಅದೇ ಕಾಗದವನ್ನು ಅಲ್ಲಿಯ ನರ್ಸ್ ಕೈಗೆ ಕೊಟ್ಟು ಮತ್ತೆ ಓದಿಸಿದರು. ನನಗೆ ಬೇಜಾರಾಗಲಿಲ್ಲ. ಪರೀಕ್ಷೆಗೆ ಕೂತವಳಂತೆ ಕಾದೆ.

"ಎರಡೂ ಒಂದೇ ಇದೆ" ಎಂದು ಹೆಬ್ಬೆಟ್ಟು ಚಾಚಿದರು.

ನಾನು ಅವರಿಂದ ಕೇಳಿದ ಒಂದೇ ಒಂದು ಹೊಗಳಿಕೆ ಅದು. ಆಪರೇಷನ್ ಆದ ನಾಲ್ಕನೇ ದಿನ ಹೋಗಿಬಿಟ್ಟರು. ನನ್ನ ತಂದೆ ಹೋದಾಗ ಅತ್ತಷ್ಟೇ ಅತ್ತೆ.

ಈಗ ಯಾವ ಕಾಗದ ತಂದರೂ ಕಾಲನಿಯವರು, "ನೀವು ಓದಿದ್ರಲ್ಲ ಮೇಡಂ, ಸಾಕು" ಎಂದು ಹೆಬ್ಬೆಟ್ಟು ಮುಂದೆ ಮಾಡುತ್ತಾರೆ. ಆ ನಂಬಿಕೆ ಕಂಡರೆ ನನಗೆ ಭಯ. ಮಸಿಯ ಡಬ್ಬಿ ಮುಚ್ಚಿಟ್ಟು, ಬಸ್ಸು ಬರಲಿ, ಕಂಡಕ್ಟರ್ ಹತ್ತಿರವೂ ಓದಿಸಿಕೊಂಡು ಬನ್ನಿ ಎಂದು ಅಟ್ಟುತ್ತೇನೆ.