ವಾಡೇದ ಮುಂದಿನ ಹಾರ್ನು

ಆಳಂದದಿಂದ ಕಲಬುರ್ಗಿಗೆ ಹೋಗೋ ಬಸ್ಸು ನಿಜಾಮನ ಸರಕಾರದ್ದು ಅಂತ ಎಲ್ಲಾರೂ ಹೇಳ್ತಿದ್ರು. ಬರೇ ಸುಳ್ಳು. ಟಿಕೀಟು ಸರಕಾರದ್ದು, ಡ್ರೈವರನ ಖಾಕಿ ಅಂಗಿ ಸರಕಾರದ್ದು, ಬಸ್ಸು ಮಾತ್ರ ವಾಡೇದ ಸಾಹುಕಾರಂದು. ಕಡಗಂಚಿ ದಾಟಿದ ಮ್ಯಾಲ ಅದು ಸಡಕು ಬಿಟ್ಟು ಒಂದು ಹಳ್ಳಿಯೊಳಗ ತಿರುಗಿ, ಆ ಸಾಹುಕಾರನ ಅರಮನಿಯಂಥಾ ವಾಡೇದ ಮುಂದ ನಿಂತು ಹಾರ್ನು ಹೊಡೀತಿತ್ತು, ಸಂಜೀಕ ಹೊಳ್ಳಿ ಬರೋವಾಗೂ ಹಂಗ. ಒಳಗಿಂದ ಒಬ್ಬ ಆಳು ಬಂದು, ಧಣ್ಯಾರು ಬರ್ತಾರ ತಡೀರಿ ಅಂದ್ರ ತಡೀಬೇಕು, ಇವತ್ತ ಬರಂಗಿಲ್ಲ ಹೋಗ್ರಿ ಅಂದ್ರ ಹೋಗಬೇಕು. ಡ್ರೈವರನ ಬಾಜೂಕಿನ ಸೀಟಿನ ಮ್ಯಾಲ ದಿನಾ ಮುಂಜಾನೆ ಒಂದು ಟವಲು ಹಾಸಿಡ್ತಿದ್ರು. ಅದು ಸಾಹುಕಾರನ ಸೀಟು. ದಿನ ತುಂಬಿದ ಬಸುರಿ ನಿಂತು ಬಂದ್ರೂ ಆ ಟವಲಿನ ಮ್ಯಾಲ ಯಾರೂ ಕೂಡ್ತಿದ್ದಿಲ್ಲ. ಕೇಳಿದ್ರ ರಿವಾಜು, ಮೊದಲಿಂದ ನಡಕೊಂಡು ಬಂದದ್ದು ಅಂತಿದ್ರು.

ಈ ರಿವಾಜಿನ ಬಿಸಿ ನನಗ ತಟ್ಟಿದ್ದು ಗಂಡ ಸತ್ತ ಮರುವರ್ಷ. ಅಣ್ಣತಮ್ಮರ ಪಾಲಾದ ಮ್ಯಾಲ ನನ್ನ ಗಂಡಗ ಬಂದ ಹೊಲಾನ ಭಾವ ತಾನೇ ಹರಗಿ ಬಿತ್ತಿಬಿಟ್ಟ. ಗಂಡಿಲ್ಲದಾಕಿಗೆ ಹೊಲ ಯಾಕ ಬೇಕು, ಎರಡು ಹೊತ್ತು ರೊಟ್ಟಿ ಹಾಕ್ತೇನಿ, ಮೂಲ್ಯಾಗ ಬಿದ್ದಿರಲಿ ಅಂದ. ಮೂಲ್ಯಾಗ ಬಿದ್ದಿರೋ ಪೈಕಿ ನಾ ಅಲ್ಲ. ಕಲಬುರ್ಗಿ ಕೋರ್ಟಿಗೆ ಹೋಗಿ ಭಾವನ ಮ್ಯಾಲ ದಾವೆ ಹಾಕಿದೆ.

ಮೊದಲನೇ ತಾರೀಖಿಗೆ ಹೊರಟ ದಿನ ಸಾಹುಕಾರಂದು ಜಳಕ ಆಗಿ, ಪೂಜಿ ಆಗಿ, ಫರಾಳ ಆಗೋತನಕ ಬಸ್ಸು ವಾಡೇದ ಮುಂದ ನಿಂತಿತು. ನಾ ಕೋರ್ಟು ಮುಟ್ಟೋದರೊಳಗ ನನ್ನ ಹೆಸರು ಕೂಗಿ ಮುಗಿದಿತ್ತು. ಮುಂದಿನ ತಾರೀಖಿಗೂ ಬರದಿದ್ರ ಹೊಲ ಭಾವನ ಕಡೆ ಆಗ್ತದ ಅಂತ ಜಡ್ಜ್ ಸಾಹೇಬ್ರು ಹೇಳಿಬಿಟ್ರಂತ. ಅಲ್ಲಿಂದ ಸೀದಾ ಬಸ್ಸಿನ ಆಫೀಸಿಗೆ ಹೋಗಿ ತಕರಾರು ಮಾಡಿದೆ. ಕುಚ್ಚಿನ ಕೆಂಪು ಟೊಪ್ಪಿಗಿ ಹಾಕ್ಕೊಂಡ ಸಾಹೇಬ ಅಡಕಿ ಅಗೀತ ಕುಂತಿದ್ದ. ಅಷ್ಟು ಅವಸರ ಇದ್ರ ಮುಂದಿನ ಸಲ ಹಿಂದಿನ ದಿನಾನ ಬಂದುಬಿಡು ಅಂದ. ಒಬ್ಬಾಕಿ ಹೆಣಮಗಳು ಕಲಬುರ್ಗಿಯೊಳಗ ರಾತ್ರಿ ಎಲ್ಲಿ ಮಲಗಬೇಕು, ಇವನ ತಲೀ ಮ್ಯಾಲ? ಭಾವಗಾದ್ರ ಅಲ್ಲಿ ಗೆಳೆಯನ ಮನಿ ಇತ್ತು, ಅಂವ ಹಿಂದಿನ ದಿನಾನ ಹೋಗಿ ಉಂಡು ಮಲಗ್ತಿದ್ದ.

ಆಮ್ಯಾಲ ನಮ್ಮ ಸೀಮಿಯೊಳಗ ಏನೇನೋ ಆತು. ಆಚೀಕಡೆ ಸೊಲ್ಲಾಪುರದಾಗ ಸ್ವರಾಜ್ಯ ಬಂತು, ನಮಗ ಬಂದದ್ದು ರಜಾಕಾರರ ಅಂಜಿಕಿ. ಬಸ್ಸು ನಿಂತವು, ಕೋರ್ಟಿನ ಬಾಗಿಲಾ ಮುಚ್ಚಿದವು. ಮರುವರ್ಷ ಮಿಲಿಟ್ರಿ ಬಂತು, ನಿಜಾಮನ ಸರಕಾರ ಹೋತು, ಮಂದಿ ಸಕ್ಕರಿ ಹಂಚಿದ್ರು. ವಾಡೇದ ಸಾಹುಕಾರ ಗಂಟುಮೂಟಿ ಕಟ್ಟಿ ಹೈದರಾಬಾದಿಗೆ ಹೋಗಿಬಿಟ್ಟ, ವಾಡೇಕ ಬೀಗ ಬಿತ್ತು ಅಂತ ಸುದ್ದಿ ಬಂತು. ಪೀಡಾ ತೊಲಗಿತು ಅಂದೆ. ಜ್ವಾಳ ಮೊಳಕಾಲ ಮಟ ಬಂದಾಗ ಕೋರ್ಟು ತೆರೀತು, ನನ್ನ ತಾರೀಖೂ ಬಂತು.

ಬೆಳಕು ಹರಿಯೋದಕ್ಕ ಬಸ್ಸು ಹತ್ತಿದೆ. ನೋಡಿದ್ರ ಮುಂದಿನ ಸೀಟಿನ ಮ್ಯಾಲ ಟವಲು. ಇರಲಿ, ಹಳೇ ಚಟ ಅಂತ ಸುಮ್ಮಾದೆ. ಕಡಗಂಚಿ ದಾಟಿತು, ಬಸ್ಸು ಸಡಕು ಬಿಟ್ಟು ಒಳಗ ತಿರುಗಿತು. ವಾಡೇದ ಮುಂದ ನಿಂತು ಹಾರ್ನು ಹೊಡೀತು. ಬಾಗಿಲಕ್ಕ ಗೇಣುದ್ದದ ಬೀಗ. ಡ್ರೈವರ್ ಚಾಚಾ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಮೊದಲಾದ್ರ ಹೋಗ್ರಿ ಅಂತ ಹೇಳಾಕರೆ ಒಬ್ಬ ಆಳು ಬರ್ತಿದ್ದ. ಈಗ ಹೋಗ್ರಿ ಅನ್ನೋರು ಯಾರೂ ಇಲ್ಲ, ಅದಕ್ಕ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲಾಕತ್ತಿದ್ರು! ಬಸ್ಸು ತುಂಬಿದ ಮಂದಿ ಗಂಟು ಬಿಚ್ಚಿ ರೊಟ್ಟಿ ತಿನ್ನಾಕತ್ತಿದ್ರು.

ನನಗ ಪಿತ್ತ ನೆತ್ತಿಗೇರಿತು. ಎದ್ದು ನಿಂತು ಕೇಳಿದೆ:

"ಚಾಚಾ, ಯಾರಿಗೆ ಹಾರ್ನು ಹೊಡ್ಯಾಕತ್ತೀರಿ? ಆ ಬೀಗಕ್ಕೇನು?"

ಕಂಡಕ್ಟರ್ ಅಡ್ಡ ಬಂದು, ರಿವಾಜು ಅದರಿ ಅಕ್ಕಾರ ಅಂದ. ಯಾರ ಹುಕುಂ ಅಂತ ಕೇಳಿದೆ. ಅವನಿಗೆ ಗೊತ್ತಿದ್ದಿಲ್ಲ. ಚಾಚಾನ ಹೇಳಿದ, ನಿಲ್ಲಸ್ರಿ ಅಂತ ಯಾವಾಗೋ ಒಬ್ಬ ಸಾಹೇಬ ಅಂದಿದ್ದ, ನಿಲ್ಲಸಬ್ಯಾಡ್ರಿ ಅಂತ ಯಾರೂ ಅಂದಿಲ್ಲ, ನಾಳಿ ಸಾಹುಕಾರ ಹೊಳ್ಳಿ ಬಂದ್ರ ಹೋಗೋದು ನನ್ನ ನೌಕರಿ. ಹಿಂದಿನ ಸೀಟಿನ ಮುದುಕಪ್ಪ ಒಬ್ಬಾಂವ, ದೊಡ್ಡವರ ಮನಿ ಮುಂದ ಬಾಯಿ ಮಾಡಬಾರದು, ಸುಮ್ಮ ಕೂಡವ್ವಾ ಅಂತ ನನಗ ಬುದ್ಧಿ ಹೇಳಿದ. ಯಪ್ಪಾ, ನಿನ್ನ ಹೊಲ ಹೊಂಟಿದ್ರ ಸುಮ್ಮ ಕೂಡ್ತಿದ್ದೇನು ಅಂದೆ.

ಕೆಳಗ ಇಳಿದು ವಾಡೇದ ಕಟ್ಟಿ ಹತ್ತಿದೆ. ನಮ್ಮವರು ಯಾರೂ ಮೆಟ್ಟು ಹಾಕ್ಕೊಂಡು ಹತ್ತಿದ ಕಟ್ಟಿ ಅಲ್ಲ ಅದು. ಮೆಟ್ಟಿನ ಕಾಲಲೇ ಹತ್ತಿ, ಎಲ್ಲಾರಿಗೂ ಕೇಳೋಹಂಗ ಬೀಗ ಹಿಡಿದು ಬಡದೆ. ಯಾರೂ ಬರಲಿಲ್ಲ, ಯಾರು ಬರಬೇಕು? ಹೊಳ್ಳಿ ಬಂದು ಟವಲು ಎತ್ತಿ ಕಂಡಕ್ಟರ್ ಕೈಯಾಗ ಕೊಟ್ಟು ಆ ಸೀಟಿನ ಮ್ಯಾಲ ಕುಂತೆ.

"ಈ ಸೀಟಿನವರು ಬಂದಾರ. ಗಾಡಿ ಬಿಡ್ರಿ. ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ."

ಹಿಂದ ಯಾರೋ ಹೆಣಮಗಳು ಕಿಸಕ್ಕಂತ ನಕ್ಕಳು. ಚಾಚಾ ಬೀಡಿ ಒಗೆದು, ಗಡ್ಡ ಸವರಿಕೊಂಡು, ಕಂಡಕ್ಟರಗ ಹ್ಯಾಂಡಲ್ ಹೊಡಿ, ಇಂಜಿನ್ ಚಾಲೂ ಆಗಲಿ ಅಂದ.

ಕೋರ್ಟಿನ ಕಟ್ಟಿ ಮ್ಯಾಲ ಭಾವ ಕಾಲ ಮ್ಯಾಲ ಕಾಲು ಹಾಕ್ಕೊಂಡು ಎಲಿ ಅಡಕಿ ಹಾಕಾಕತ್ತಿದ್ದ. ಬಸ್ಸು ಹೊತ್ತಿಗೆ ಬರಂಗಿಲ್ಲ ಅನ್ನೋ ಧೈರ್ಯ ಅವನಿಗೆ. ಜವಾನ ನನ್ನ ಹೆಸರು ಕೂಗಿದಾಗ ಭಾವನ ಬೆನ್ನ ಹಿಂದಿಂದನ ಹಾಜರ್ ಅಂದೆ. ಎಲಿ ಅಡಕಿ ಗಂಟಲಾಗ ಸಿಕ್ಕು ಕೆಮ್ಮಿದ. ಪಾಲು ಮಾಡಿಸಿದ ಪಂಚರು ಬಂದು ಇದ್ದದ್ದು ಇದ್ದಂಗ ಹೇಳಿದ್ರು. ಜ್ವಾಳದ ರಾಶಿಗೆ ಭಾವ ಕೈ ಹಚ್ಚಬಾರದು, ಹೊಲ ಈ ಹೆಣಮಗಳ ಸ್ವಾಧೀನ ಇರಲಿ ಅಂತ ಜಡ್ಜ್ ಸಾಹೇಬ್ರು ಹೇಳಿದ್ರು. ನಾ ಅಲ್ಲೇ, ಕೋರ್ಟಿನೊಳಗ, ಜೋರಾಗಿ ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ಬಸ್ಸಿನ ಆಫೀಸಿಗೆ ನಡದೆ. ಅದೇ ಖುರ್ಚಿ, ಅದೇ ಸಾಹೇಬ, ಟೊಪ್ಪಿಗಿ ಅಷ್ಟ ಬಿಳೀದು. ಬೀಗ ಹಾಕಿದ ವಾಡೇದ ಮುಂದ ಇನ್ನೂ ಬಸ್ಸು ನಿಲ್ಲಸ್ತಾರ ಅಂತ ಹೇಳಿದೆ. ಈಗ ಜನರ ಸರಕಾರ ಬಂದದ, ಇಂಥಾದ್ದು ನಡೀತಿತ್ತು ಅಂತ ಯಾರೂ ತಕರಾರು ಮಾಡಲಿಲ್ಲ ನೋಡ್ರಿ ಅಂದ.

"ನಾ ಮಾಡಿದ್ದೆ. ಇಲ್ಲೇ ನಿಂತು, ನಿಮಗ ಮಾಡಿದ್ದೆ."

ಅಂವ ಮಾರಿ ತಗ್ಗಿಸಿದ. ವಿಚಾರ ಮಾಡ್ತೇವಿ ಅಂದ. ವಿಚಾರ ಆಮ್ಯಾಲ ಮಾಡ್ರಿ, ಡ್ರೈವರನ್ನ ಕರೆದು ನನ್ನ ಮುಂದ ಹೇಳ್ರಿ, ಹೇಳೋತನಕ ನಾ ಏಳಂಗಿಲ್ಲ ಅಂತ ನೆಲದ ಮ್ಯಾಲ ಕುಂತೆ. ಸುತ್ತ ಮಂದಿ ಸೇರಾಕತ್ತಿದ್ರು. ಕಡೀಕ ಸಾಹೇಬ ಚಾಚಾನ್ನ ಕರೆಸಿ, ಇನ್ನ ಮ್ಯಾಲ ವಾಡೇದ ಕಡೆ ತಿರುಗಬ್ಯಾಡ ಅಂತ ಎಲ್ಲಾರ ಮುಂದ ಹೇಳಿದ.

ಸಂಜೀಮುಂದ ಅದೇ ಬಸ್ಸಿಗೆ ಹೊಳ್ಳಿದೆ. ಮುಂದಿನ ಸೀಟಿನ ಮ್ಯಾಲನ ಕುಂತೆ. ಕಡೀ ಘಳಿಗ್ಯಾಗ ಭಾವನೂ ಹತ್ತಿದ, ಕೂಡಾಕ ಜಾಗ ಇರಲಿಲ್ಲ. ವಾಡೇದ ಹಾದಿ ಬಂತು, ಬಸ್ಸು ತಿರುಗದ ನೆಟ್ಟಗ ಹೋತು. ಅದೇನು ಚಾಚಾ, ಒಳಗ ಹೋಗಲಿಲ್ಲ ಅಂತ ಭಾವ ಹಿಂದಿಂದ ಕೇಳಿದ. ಹುಕುಂ ಆಗೇದ ಅಂದ ಚಾಚಾ.

"ಯಾರ ಹುಕುಂ?"

ಚಾಚಾ ಸಡಕಿನ ಮ್ಯಾಲಿಂದ ಕಣ್ಣು ತೆಗೀಲಿಲ್ಲ, ಗದ್ದ ಅಷ್ಟ ನನ್ನ ಕಡೆ ತಿರುವಿದ.

"ಈ ಅಕ್ಕಾರದು."

ಭಾವ ಆಳಂದದತನಕ ನಿಂತ ಬಂದ.